ಮಂಚದ ಕಾಲಿನ ಕೆಳಗಿನ ನೀರು

ಔಷಧಿ ಹೊಡೆಯುವವರು ಬೀದಿಗೆ ಬಂದರೆಂದರೆ ಅವ್ವ ಬಾಗಿಲಿಗೆ ಅಡ್ಡ ನಿಂತುಬಿಡುತ್ತಿದ್ದಳು. ಪಂಪು ಹಿಡಿದ ಇಬ್ಬರು, ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಏನೋ ಗುರುತು ಬರೆಯುವ ಇನ್ನೊಬ್ಬರು. ತೆರಕಣಾಂಬಿಯ ನಮ್ಮ ಸಾಲಿನಲ್ಲಿ ಎಲ್ಲರ ಗೋಡೆಗೂ ಆ ಬಿಳಿ ಔಷಧಿ ಬೀಳುತ್ತಿತ್ತು. ನಮ್ಮ ಮನೆಯ ಗೋಡೆ ಮಾತ್ರ ಹಾಗೇ ಉಳಿಯುತ್ತಿತ್ತು.

“ನಮ್ಮನೆಗ್ ಬ್ಯಾಡ ಕಣಪ್ಪ. ಹುಳ ಮೇಯ್ತಾವೆ.”

“ಸೊಳ್ಳೆ ಕಚ್ಚುದ್ರೆ ಜ್ವರ ಬತ್ತದೆ ಕಣವ್ವ.”

“ಔಸ್ದಿ ವಾಸ್ನೆ ತಾಕುದ್ರೆ ನನ್ ಹುಳ ಸಾಯ್ತವೆ. ಓಗಿ, ಮುಂದ್ಕೋಗಿ.”

ಅವರು ಹೋಗುತ್ತಿದ್ದರು. ರೇಷ್ಮೆ ಹುಳು ಸಾಕುವವರ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ ಎಂದು ಅವರಿಗೂ ಗೊತ್ತಿತ್ತು.

ಇದು ತೊಂಬತ್ತರ ದಶಕದ ನಡುಭಾಗದ ಮಾತು. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಚಾಮರಾಜನಗರದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ್ದೆ. ತೆರಕಣಾಂಬಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯಾವ ವರ್ಷ ಎಂದು ಯಾರಾದರೂ ಕೇಳಿದರೆ ನಾನೊಂದು ಹೇಳುತ್ತೇನೆ, ತಂಗಿ ಇನ್ನೊಂದು ಹೇಳುತ್ತಾಳೆ. ಅವಳದೇ ಸರಿಯಿರಬೇಕು, ಕೂಸನ್ನು ಹೊಟ್ಟೆಯಲ್ಲಿ ಹೊತ್ತವಳು ಅವಳು. ಮುಂದೆ ಬರೆಯುವುದರಲ್ಲೂ ನನ್ನ ನೆನಪಿಗೆ ಪೂರ್ತಿ ಅಂಕ ಕೊಡಲು ನಾನು ತಯಾರಿಲ್ಲ. ಕೆಲವು ಸಂಗತಿಗಳನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನನಗೆ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯುವುದಿಲ್ಲ.

ತಂಗಿಯನ್ನು ಹರವೆಗೆ ಕೊಟ್ಟಿತ್ತು. ಮೊದಲ ಸಲ ಬಸಿರಾದಾಗ ಅವಳಿಗೆ ಅಲ್ಲಿ ಚಳಿಜ್ವರ ಹಿಡಿದು ಕೂಸು ಹೊಟ್ಟೆಯಲ್ಲೇ ಹೋಯಿತು. ಮಲೇರಿಯಾ ಎಂದರು. ಆಮೇಲೆ ಬಹಳ ದಿನ ಅವಳು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಎರಡನೇ ಸಲ ಬಸಿರು ನಿಂತಾಗ ಗುಂಡ್ಲುಪೇಟೆಯ ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು ಹೇಳಿದರು: “ಊಟ, ಟಾನಿಕ್ಕು ಎಲ್ಲ ಆಮೇಲೆ. ಮೊದಲು ಸೊಳ್ಳೆ ಕೈಲಿ ಕಚ್ಚಿಸ್ಕೊಬೇಡ.” ಜ್ವರ ಬಂದ ಊರಿನಲ್ಲಿ ಅವಳನ್ನು ಬಿಡಲು ಅವ್ವನಿಗೆ ಮನಸ್ಸಾಗಲಿಲ್ಲ. ಐದನೇ ತಿಂಗಳಿಗೇ ತವರಿಗೆ ಕರೆತಂದೆವು.

ಕರೆತಂದದ್ದು ಎಲ್ಲಿಗೆ ಎಂದು ನನಗೆ ಆಮೇಲೆ ಹೊಳೆಯಿತು. ಇಡೀ ಸಾಲಿನಲ್ಲಿ ಔಷಧಿ ಬೀಳದಿದ್ದ ಒಂದೇ ಮನೆಗೆ!

ನಮ್ಮದು ಉದ್ದನೆಯ ಹೆಂಚಿನ ಮನೆ. ಅದರ ದೊಡ್ಡ ಪಡಸಾಲೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ನಾವು ಮಿಕ್ಕ ಜಾಗದಲ್ಲಿ ಬಾಳುತ್ತಿದ್ದೆವು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡುಗಳು. ಅಪ್ಪ ತೋಟದಿಂದ ತಂದ ಹಿಪ್ಪುನೇರಳೆ ಸೊಪ್ಪು ಮೂಲೆಯಲ್ಲಿ, ಒದ್ದೆ ಗೋಣಿಯ ಕೆಳಗೆ. ಹುಳು ದೊಡ್ಡವಾದ ಮೇಲೆ ಅವು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ಆ ಪಡಸಾಲೆಯಷ್ಟು ಚೊಕ್ಕಟವಾದ, ಗಾಳಿಯಾಡುವ ಜಾಗ ಮನೆಯಲ್ಲಿ ಬೇರೆ ಇರಲಿಲ್ಲವಾದ್ದರಿಂದ ತಂಗಿಯ ಮಂಚವನ್ನೂ ಅಲ್ಲೇ ಒಂದು ಪಕ್ಕಕ್ಕೆ ಹಾಕಿದರು.

ನಾನು ಕಾಲೇಜಿನಿಂದ ಬರುವಾಗ ಸೊಳ್ಳೆಬತ್ತಿಯ ಪೊಟ್ಟಣ ತಂದೆ. ಅವ್ವ ಅದನ್ನು ಮೂಸಿ ನೋಡಿ ಬೀದಿಗೆ ಎಸೆದಳು.

“ಓದಿದ್ದೀಯಲ್ಲಾ ನೀನು? ಇದ್ರ ಹೊಗೆಗೆ ಹುಳ ಉಳಿತವೇನ್ಲಾ?”

“ನಿಂಗೆ ಹುಳ ಹೆಚ್ಚೋ ಮಗಳು ಹೆಚ್ಚೋ?”

ಇದನ್ನು ಕೇಳಬಾರದಿತ್ತು. ಉತ್ತರವನ್ನು ಮಂಚದ ಮೇಲಿದ್ದ ತಂಗಿ ಕೊಟ್ಟಳು: “ಹುಳದಿಂದ್ಲೆ ಕಣಣ್ಣ ನೀನ್ ಎಮ್ಮೆಸ್ಸಿ ಮಾಡಿದ್ದು. ನನ್ ಮದ್ವೆ ಆಗಿದ್ದೂ ಅದ್ರಿಂದ್ಲೇಯ. ಸುಮ್ಕಿರು.”

ಬೇವಿನ ಸೊಪ್ಪಿನ ಹೊಗೆಯನ್ನೂ ಹಾಕುವಂತಿರಲಿಲ್ಲ. ಸೀಮೆಎಣ್ಣೆಯ ವಾಸನೆಯೂ ಹುಳುಗಳಿಗೆ ಆಗದು. ಪಡಸಾಲೆಯ ಬಾಗಿಲ ಹತ್ತಿರ ಯಾರಾದರೂ ಬೀಡಿ ಹಚ್ಚಿದರೆ ಅವ್ವ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದ್ದಳು. ಸೊಳ್ಳೆಯನ್ನು ಕೊಲ್ಲಲು ನಾನು ಬಲ್ಲ ಯಾವ ರಾಸಾಯನಿಕವೂ ರೇಷ್ಮೆ ಹುಳುವನ್ನು ಬಿಟ್ಟು ಸೊಳ್ಳೆಯನ್ನಷ್ಟೇ ಆರಿಸಿಕೊಳ್ಳುವಂತಿರಲಿಲ್ಲ. ಉಳಿದದ್ದು ಎರಡು: ಮಂಚಕ್ಕೆ ಪರದೆ ಕಟ್ಟುವುದು, ಸೊಳ್ಳೆ ಹುಟ್ಟುವ ನೀರನ್ನು ಹುಡುಕಿ ಇಲ್ಲದಂತೆ ಮಾಡುವುದು.

ಪರದೆ ಕಟ್ಟಿದೆ. ಆಮೇಲೆ ಹಿತ್ತಿಲಿಗೆ ಇಳಿದೆ. ಬಚ್ಚಲ ನೀರು ನಿಲ್ಲುತ್ತಿದ್ದ ಗುಂಡಿಗೆ ಜಲ್ಲಿ, ಮರಳು ತುಂಬಿದೆ. ಒಡೆದ ಮಡಕೆ, ತೆಂಗಿನ ಚಿಪ್ಪು, ಕೋಳಿಗೆ ನೀರಿಡುವ ತಗಡಿನ ಡಬ್ಬ, ಎಲ್ಲವನ್ನೂ ಬೋರಲು ಹಾಕಿದೆ. ದನದ ಕಲ್ಲುಬಾನಿಯ ತಳ ಕಾಣುವವರೆಗೂ ಉಜ್ಜಿದೆ. ಎದುರಿಗೆ ಟಯರ್ ಪಂಕ್ಚರ್ ಹಾಕುವ ಸಾಬರ ಅಂಗಡಿ ಇತ್ತು. ಅದರ ಪಕ್ಕದಲ್ಲಿ ಹಳೇ ಟಯರುಗಳು ಮಳೆನೀರು ಕುಡಿದು ಬಿದ್ದಿರುತ್ತಿದ್ದವು. ಅಲ್ಲಿಗೂ ಹೋದೆ.

“ಏನ್ ಮೇಷ್ಟ್ರೇ, ಕಾಲೇಜಲ್ಲಿ ಕೆಲಸ ಇಲ್ವಾ? ನನ್ ಟಯರ್ ಹಿಂದೆ ಬಿದ್ರಿ?”

“ನೀರು ನಿಲ್ಲಬಾರ್ದು. ಒಂದೊಂದು ತೂತು ಹೊಡೆದ್ಬಿಡಿ.”

“ಅಲ್ಲಾ! ಟಯರ್‌ಗೆ ತೂತು ಮುಚ್ಚೋದು ನಮ್ ಕಸುಬು. ನೀವು ತೂತು ಹೊಡಿ ಅಂತೀರಾ?” ಎಂದು ನಕ್ಕರು. ಆಮೇಲೆ ನಮ್ಮ ಮನೆಯ ಕಡೆ ನೋಡಿ ದನಿ ಇಳಿಸಿದರು. “ತಂಗಿ ವಿಷಯ ಅಲ್ವಾ? ಹೊಡೀತೀನಿ ಬಿಡಿ.” ಕಂಬಿ ಕಾಯಿಸಿ ಒಂದೊಂದಕ್ಕೂ ತೂತು ಹಾಕಿದರು. ಸುಟ್ಟ ರಬ್ಬರಿನ ವಾಸನೆಗೆ ಅವ್ವ ಕಿಟಕಿ ಮುಚ್ಚಿಕೊಂಡು ಇಬ್ಬರನ್ನೂ ಬೈದಳು.

ಇಷ್ಟಾದರೂ ತಂಗಿಯ ಪಾದದ ಗೆಣ್ಣಿನ ಸುತ್ತ ಕೆಂಪು ಗಂಧೆಗಳು ಏಳುತ್ತಲೇ ಇದ್ದವು. ಅದೂ ಹಗಲು ಹೊತ್ತಿನಲ್ಲಿ, ಪರದೆ ಎತ್ತಿ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಾಗ. ನನಗೆ ತಲೆ ಕೆಟ್ಟುಹೋಯಿತು. ಇನ್ನೆಲ್ಲಿದೆ ನೀರು? ಛಾವಣಿಯ ಮಳೆನೀರಿನ ದೋಣಿಯಲ್ಲೇ? ಪಕ್ಕದ ಮನೆಯವರ ಹಿತ್ತಿಲಿನಲ್ಲೇ? ಏಣಿ ಹಾಕಿ ಹತ್ತಿ ನೋಡಿದೆ. ಅಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಇಳಿದು ಬಂದು, ನೀರಿನಲ್ಲಿ ಕುಣಿಯುವ ಸಣ್ಣ ಹುಳುಗಳನ್ನು ಎಲ್ಲಾದರೂ ನೋಡಿದ್ದೀರಾ ಎಂದು ಸುಮ್ಮನೆ ಎಲ್ಲರನ್ನೂ ಕೇಳಿದೆ.

“ಕುಣಿಯೋವಾ?” ಎಂದಳು ತಂಗಿ. “ಇಲ್ಲೇ ಅವಲ್ಲ. ದಿನಾ ಕುಣೀತವೆ. ನನ್ಗೂ ಹೊತ್ತೋಗ್ಬೇಕಲ್ಲ, ನೋಡ್ತಾ ಇರ್ತೀನಿ.”

“ಎಲ್ಲಿ?”

“ಮಂಚದ್ ಕಾಲತ್ರ ಕಣಣ್ಣ.”

ರೇಷ್ಮೆ ಮನೆಗಳಲ್ಲಿ ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಾರೆ. ಇರುವೆಗಳಿಗೆ ಮೆತ್ತಗಿನ ರೇಷ್ಮೆ ಹುಳು ಎಂದರೆ ಹಬ್ಬ. ನೀರು ದಾಟಲಾರದೆ ಅವು ಕೆಳಗೇ ಉಳಿಯುತ್ತವೆ. ಬಸುರಿ ಮಗಳು ಬಂದಾಗ ಅವ್ವ, ಹುಳಕ್ಕೆ ಮಾಡಿದ ಉಪಚಾರ ಇವಳಿಗೆ ಬೇಡವೇ ಎಂದು ಅವಳ ಮಂಚದ ಕಾಲುಗಳಿಗೂ ಅಂಥ ನಾಲ್ಕು ಬಟ್ಟಲು ಕೊಟ್ಟಿದ್ದಳು. ದಿನಾ ಬೆಳಿಗ್ಗೆ ಚೊಂಬು ಹಿಡಿದು ಆರಿದಷ್ಟು ನೀರನ್ನು ಬಟ್ಟಲುಗಳಿಗೆ ತುಂಬುವುದು ಅವಳ ಮೊದಲ ಕೆಲಸ. ಚೆಲ್ಲಿ ತೊಳೆಯುವ ಪದ್ಧತಿ ಇರಲಿಲ್ಲ. ಸ್ಟ್ಯಾಂಡನ್ನು ಎತ್ತುವವರು ಯಾರು?

ನಾನು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ನೋಡಿದೆ. ಮಂಚದ ನಾಲ್ಕು ಕಾಲುಗಳ ಸುತ್ತಲೂ ಅವು ತುಂಬಿಕೊಂಡಿದ್ದವು. ನಾನು ಊರೆಲ್ಲ ಹುಡುಕುತ್ತಿದ್ದ ಸೊಳ್ಳೆಗಳ ಹೆರಿಗೆಮನೆಯ ಮೇಲೆ ನನ್ನ ತಂಗಿ ಮಲಗಿದ್ದಳು.

ಮಂಚದ ಕಾಲನ್ನು ಚೂರು ಎತ್ತಿ ಒಂದು ಬಟ್ಟಲನ್ನು ಜೋಪಾನವಾಗಿ ಎಳೆದು ಜಗುಲಿಯ ಬಿಸಿಲಿಗೆ ತಂದೆ. ಅದನ್ನು ಅಲ್ಲೇ ಚೆಲ್ಲಬೇಕಿತ್ತು. ಆದರೆ ಕಾಲೇಜಿನಿಂದ ತಂದ ಒಂದು ಭೂತಗನ್ನಡಿ ನನ್ನ ಚೀಲದಲ್ಲಿತ್ತು, ಒಂದು ಕ್ಷಣ ನೋಡೋಣ ಎಂದುಕೊಂಡೆ. ಆ ಕ್ಷಣ ಮಧ್ಯಾಹ್ನದವರೆಗೆ ಹಿಗ್ಗಿತು.

ಮರಿಹುಳುಗಳು ತಲೆ ಕೆಳಗಾಗಿ, ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ಅಂಟಿಸಿಕೊಂಡು ತೂಗಾಡುತ್ತಿದ್ದವು. ಆ ಬಾಲದ ಕೊಳವೆಯಿಂದಲೇ ಅವು ಉಸಿರಾಡುತ್ತವೆ. ನನ್ನ ನೆರಳು ಬಿದ್ದರೆ ಸಾಕು, ಎಲ್ಲವೂ ಒಟ್ಟಿಗೆ ತಿರುಚಿಕೊಂಡು ತಳಕ್ಕೆ ಇಳಿಯುತ್ತಿದ್ದವು. ನೆರಳು ಸರಿದರೆ ಒಂದೊಂದಾಗಿ ಮೇಲೆ ಬರುತ್ತಿದ್ದವು. ಅವುಗಳ ನಡುವೆ ಗುಂಡು ತಲೆಯ, ಬಾಗಿದ ಮೈಯ ಬೇರೆ ಕೆಲವಿದ್ದವು. ಅವು ಏನನ್ನೂ ತಿನ್ನುತ್ತಿರಲಿಲ್ಲ. ಅಂಥದ್ದೊಂದು ಮೇಲೆ ಬಂದು ಅಲುಗದೆ ನಿಂತಿತು. ನಿಧಾನಕ್ಕೆ ಅದರ ಮೈ ಚಾಚಿಕೊಂಡಿತು, ಬೆನ್ನು ಸೀಳಿತು. ಸೀಳಿನೊಳಗಿಂದ ಒಂದು ಜೀವ ಎದ್ದಿತು. ತೆವಳಿಕೊಂಡು ಬರಲಿಲ್ಲ, ನೆಟ್ಟಗೆ ಎದ್ದಿತು, ಯಾರೋ ಕೆಳಗಿನಿಂದ ಎತ್ತಿ ಹಿಡಿದ ಹಾಗೆ. ಎದೆ, ತಲೆ, ಮಡಿಸಿದ ರೆಕ್ಕೆ. ಕೂದಲಿಗಿಂತ ತೆಳುವಾದ ಕಾಲುಗಳನ್ನು ತಾನು ಬಿಟ್ಟ ಪೊರೆಯಿಂದ ಒಂದೊಂದಾಗಿ ಬಿಡಿಸಿಕೊಂಡಿತು. ಒಂದಿಷ್ಟು ಗಾಳಿ ಬೀಸಿದ್ದರೆ ಮಗುಚಿಬಿದ್ದು ಸಾಯುತ್ತಿತ್ತು. ನಾನು ಉಸಿರು ಹಿಡಿದೆ. ಆ ಖಾಲಿ ಪೊರೆಯನ್ನೇ ತೆಪ್ಪ ಮಾಡಿಕೊಂಡು ಅದು ನೀರಿನ ಮೇಲೆ ಕಾಲೂರಿ ನಿಂತಿತು. ನೀರು ಅದರ ಕಾಲಿನ ಕೆಳಗೆ ಚೂರು ತಗ್ಗಿತು, ಒದ್ದೆ ಮಾಡಲಿಲ್ಲ. ಕಪ್ಪು ಕಾಲುಗಳ ಮೇಲೆ ಬಿಳಿ ಪಟ್ಟೆಗಳಿದ್ದವು, ಈಗಷ್ಟೇ ಯಾರೋ ಕೂತು ಬರೆದಷ್ಟು ಸ್ಪಷ್ಟವಾಗಿ.

ಮೇಲ್ಮೈ ಸೆಳೆತದ ಬಗ್ಗೆ ನಾನು ಹುಡುಗರಿಗೆ ಬೋರ್ಡಿನ ಮೇಲೆ ಸೂತ್ರ ಬರೆದು ಪಾಠ ಮಾಡಿದ್ದೆ. ಆ ಸೂತ್ರದ ಮೇಲೆ ಒಂದು ಪ್ರಾಣಿ ಹುಟ್ಟಿದ ಗಳಿಗೆಯಲ್ಲೇ ನಂಬಿಕೆಯಿಟ್ಟು ನಿಲ್ಲುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ದೇವರು ದಿಂಡರು ಎಂದರೆ ಮೂಗು ಮುರಿಯುತ್ತಿದ್ದವನು ನಾನು. ಅವತ್ತು ಆ ಕಲ್ಲಿನ ಬಟ್ಟಲಿನ ಮುಂದೆ ಮಂಡಿಯೂರಿ ಕೂತಿದ್ದೆ. ಅದು ನನ್ನ ತಂಗಿಯ ಶತ್ರು ಎಂಬುದು ಪೂರ್ತಿ ಮರೆತುಹೋಗಿತ್ತು.

ಅದು ಹಾರಿಹೋಯಿತು.

“ಬುಟ್ಬುಟ್ಟ! ನೋಡ್ತಾ ಕೂತ್ಕಂಡು ಬುಟ್ಬುಟ್ಟ!” ಹಿಂದೆ ನಿಂತು ನೋಡುತ್ತಿದ್ದ ಅವ್ವ ಹಣೆ ಚಚ್ಚಿಕೊಂಡಳು. “ಹೊಸಕಾಕಾಗ್ನಿಲ್ವೇನ್ಲಾ?”

“ಈಗ್ತಾನೆ ಹುಟ್ಟಿರೋದು ಕಣವ್ವ. ಇವತ್ತೇ ಕಚ್ಚಲ್ಲ.”

“ನಾಳೆ ಕಚ್ಚಕೆ ಅದ್ಕೇನ್ ನಿನ್ ಅಪ್ಪಣೆ ಬೇಕಾ?”

ನನ್ನ ನೆನಪಿನಲ್ಲಿ ತಂಗಿಯೂ ನನ್ನ ಪಕ್ಕದಲ್ಲಿ ಬಟ್ಟಲಿನ ಮೇಲೆ ಬಾಗಿದ್ದಾಳೆ, ಅವಳ ಜಡೆ ನೀರಿಗೆ ತಾಕುತ್ತಿದೆ. ಅವಳು ಅದನ್ನು ಒಪ್ಪುವುದಿಲ್ಲ. “ಆ ಹೊಟ್ಟೆ ಇಟ್ಕಂಡು ನಾನ್ಯಾಕ್ ಬಗ್ಗನ? ಒಳಗಿಂದ್ಲೇ ನಿಮ್ ಜಗಳ ಕೇಳಿಸ್ಕಂಡೆ,” ಎನ್ನುತ್ತಾಳೆ. ಸಂಶಯ ಹೆಚ್ಚಾಗಿ, ಈಚೆಗೊಂದು ಸಲ ನನ್ನ ಮನೆಯಲ್ಲಿ ಬಟ್ಟಲಿಗೆ ನೀರು ಹಾಕಿ, ಹುಳು ಬರಿಸಿ, ಕಾದು ಕೂತೆ. ಕಾಫಿಯ ಲೋಟ ಎತ್ತಿಕೊಳ್ಳಲು ತಿರುಗಿದೆ; ಮತ್ತೆ ನೋಡುವಷ್ಟರಲ್ಲಿ ಸೊಳ್ಳೆ ಪೊರೆಯ ಮೇಲೆ ನಿಂತಿತ್ತು. ಹಾಗಾದರೆ ಜಗುಲಿಯಲ್ಲಿ ನಾನು ಕಂಡ ಆ ನಿಧಾನ ಎಲ್ಲಿಂದ ಬಂತು? ಸೊಳ್ಳೆಯದಲ್ಲ, ನನ್ನದೇ ಇರಬೇಕು. ಕಾಲುಗಳ ಬಿಳಿ ಪಟ್ಟೆ ಮಾತ್ರ ಎರಡು ಸಲವೂ ಒಂದೇ ಆಗಿತ್ತು.

ಬಟ್ಟಲುಗಳನ್ನು ಖಾಲಿ ಮಾಡೋಣ ಎಂದರೆ ಅವ್ವ ಒಪ್ಪಲಿಲ್ಲ. ನೀರು ತೆಗೆದರೆ ಇರುವೆ ಹತ್ತುತ್ತವೆ. ರೇಷ್ಮೆ ಹುಳು ಆಗಲೇ ಪೊರೆ ಬಿಡಲು ತಲೆಯೆತ್ತಿ ಅಲುಗದೆ ಕೂತಿದ್ದವು. ಅದನ್ನು ನಮ್ಮ ಕಡೆ ಹುಳು ಜ್ವರಕ್ಕೆ ಕೂತಿವೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಒಂದು ಇರುವೆ ಸಾಲು ಬಂದರೂ ತಟ್ಟೆಗಟ್ಟಲೆ ಹೋಯಿತು. ಮಂಚದ ಬಟ್ಟಲುಗಳನ್ನು ಚೆಲ್ಲಿ, ಸ್ಟ್ಯಾಂಡಿನವನ್ನು ಬಿಟ್ಟರೆ ಏನೂ ಆದಂತಲ್ಲ. ಸೊಳ್ಳೆಗೆ ಹಾರಬೇಕಾದ ದೂರ ನಾಲ್ಕು ಹೆಜ್ಜೆ. ನಾನು ಒಂದು ಮಾತೆಂದೆ, ಅವ್ವ ಎರಡೆಂದಳು. ತಂಗಿ ಪರದೆಯೊಳಗೆ ಕಾಲು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಅವ್ವ ತನ್ನ ಕೆಲಸಕ್ಕೆ ಹೋದಳು. ಹುಳು ಪೊರೆ ಬಿಡುವಾಗ ತಟ್ಟೆ ಒಣಗಿರಲೆಂದು ಅರಳಿದ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸುವುದು ರೂಢಿ. ಬಟ್ಟೆಯಲ್ಲಿ ಕಟ್ಟಿದ ಸುಣ್ಣವನ್ನು ತಟ್ಟೆಗಳ ಮೇಲೆ ಜಾಡಿಸುತ್ತಿದ್ದವಳು ಕೋಪದಲ್ಲಿ ಸ್ವಲ್ಪ ಜೋರಾಗಿಯೇ ಜಾಡಿಸಿದಳು. ಗಂಟು ಬಿಚ್ಚಿ ಒಂದು ಹಿಡಿಯಷ್ಟು ಕೆಳಗಿನ ಬಟ್ಟಲಿಗೆ ಬಿತ್ತು. ಯಾರೂ ಅದಕ್ಕೆ ಗಮನ ಕೊಡಲಿಲ್ಲ. ಸಂಜೆ ಹೊತ್ತಿಗೆ ನಾನು ಮತ್ತೆ ಕೆನ್ನೆ ನೆಲಕ್ಕಿಟ್ಟು ನೋಡಿದಾಗ ಆ ಒಂದು ಬಟ್ಟಲಿನಲ್ಲಿ ಕುಣಿತ ನಿಂತಿತ್ತು. ಸುಣ್ಣದ ನೀರು ಎಷ್ಟು ತೀಕ್ಷ್ಣ ಕ್ಷಾರ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಪ್ರಯೋಗಶಾಲೆಯಲ್ಲಿ ದಿನಾ ಮುಟ್ಟುತ್ತಿದ್ದೆ. ಹೊಗೆಯಿಲ್ಲ, ವಾಸನೆಯಿಲ್ಲ, ಮೇಲಿನ ಹುಳುಗಳಿಗೆ ಅದು ಹೊಸದೂ ಅಲ್ಲ.

“ಅವ್ವಾ, ನಿನ್ ಕೋಪ ಎಲ್ಲಾ ಬಟ್ಟಲಿಗೂ ಒಂದೊಂದ್ ಹಿಡಿ ಹಾಕು,” ಎಂದೆ.

ನಾಲ್ಕು ದಿನಕ್ಕೊಮ್ಮೆ ಬಟ್ಟಲುಗಳನ್ನು ತೊಳೆದು ಹೊಸ ಸುಣ್ಣದ ನೀರು ತುಂಬುವುದು ನನ್ನ ಪಾಲಿಗೆ ಬಂತು. ಸ್ಟ್ಯಾಂಡನ್ನು ಎತ್ತಿ ಹಿಡಿಯುವುದು ಅಪ್ಪನ ಪಾಲಿಗೆ. ತಂಗಿಯ ಕಾಲಿನ ಗಂಧೆಗಳು ಮಾಯವಾದವು.

ಅಷ್ಟಕ್ಕೇ ಮುಗಿಯಿತು ಎಂದು ನಾವು ತಿಳಿದಿದ್ದೆವು. ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ತಂಗಿಗೆ ಚಳಿ ಬಂತು.

ಅವ್ವ ಕಂಬಳಿಯ ಮೇಲೆ ಕಂಬಳಿ ಹೊದಿಸಿದಳು. ತಂಗಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, “ಅಲ್ಲಾಡ್ತದೆ ಕಣವ್ವ, ಇನ್ನೂ ಅಲ್ಲಾಡ್ತದೆ,” ಎಂದಷ್ಟೇ ಮತ್ತೆ ಮತ್ತೆ ಹೇಳುತ್ತಿದ್ದಳು. ಆರೋಗ್ಯ ಕೇಂದ್ರದಿಂದ ಬಂದವರು ಅವಳ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಮಾತ್ರೆ ಕೊಟ್ಟರು. ಗಾಜು ಚಾಮರಾಜನಗರಕ್ಕೆ ಹೋಗುತ್ತದೆ, ಫಲಿತಾಂಶ ಬಂದಾಗ ಹೇಳುತ್ತೇವೆ ಎಂದರು. ಬಂದಾಗ ಎಂದರೆ ಯಾವಾಗ ಎಂದು ಕೇಳುವ ಧೈರ್ಯವಾಗಲಿಲ್ಲ. ಆ ಗಾಜನ್ನು ನಾನೇ ಒಯ್ಯುತ್ತೇನೆ ಎಂದು ಕೈಚಾಚಿದೆ. ನನ್ನ ಮುಖ ನೋಡಿ ಕೊಟ್ಟರು.

ಅದನ್ನು ಹತ್ತಿಯಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಯಾರೂ ಎದೆಗೆ ಒತ್ತದಂತೆ ಕೈ ಅಡ್ಡ ಹಿಡಿದು ಹೋದೆ. ರಕ್ತ ಪರೀಕ್ಷೆಯ ಕೋಣೆಯಲ್ಲಿದ್ದಾಕೆ ಗಾಜಿಗೆ ಬಣ್ಣ ಹಾಕಿ, ತೊಳೆದು, ಒಣಗಲು ಇಟ್ಟರು.

“ಸಾರ್, ಹಾಗೆ ಮೇಲೆ ನಿಂತ್ಕೊಂಡ್ರೆ ಬೇಗ ಒಣಗಲ್ಲ. ಕೂತ್ಕೊಳಿ.”

ಕಾಯುವ ಹೊತ್ತಿನಲ್ಲಿ ನನ್ನ ಚಡಪಡಿಕೆ ತಾಳಲಾರದೆ ಇರಬೇಕು, ಆಕೆ ಸೂಕ್ಷ್ಮದರ್ಶಕದ ಕೆಳಗೆ ಬೇರೆ ಯಾರದೋ ಹಳೆಯ ಗಾಜು ಇಟ್ಟು, “ನೋಡಿ, ಇದು ಇದ್ರೆ ಮಲೇರಿಯಾ,” ಎಂದರು. ನಸುಗುಲಾಬಿ ಬಣ್ಣದ ರಕ್ತಕಣವೊಂದರ ಒಳಗೆ ಒಂದು ನೀಲಿ ಉಂಗುರ. ಅದಕ್ಕೆ ಕೂರಿಸಿದ ಹರಳಿನಂತೆ ಒಂದು ಕೆಂಪು ಚುಕ್ಕೆ. ಯಾವ ಅಕ್ಕಸಾಲಿಯ ಕೈಯಲ್ಲೂ ಆಗದಷ್ಟು ಚಿಕ್ಕದು, ಅಷ್ಟು ಅಚ್ಚುಕಟ್ಟು. ತಂಗಿಯ ಮೊದಲ ಕೂಸನ್ನು ಒಯ್ದದ್ದು ಇದು. ಚೆಂದ ಎಂದು ಮನಸ್ಸಿಗೆ ಬಂದದ್ದಕ್ಕೆ ನನಗೇ ಭಯವಾಯಿತು.

ಆಮೇಲೆ ಆಕೆ ತಂಗಿಯ ಗಾಜನ್ನಿಟ್ಟರು. ಬಹಳ ಹೊತ್ತು ನೋಡಿದರು. ಗಾಜನ್ನು ಕೂದಲೆಳೆಯಷ್ಟು ಸರಿಸುವುದು, ನೋಡುವುದು, ಮತ್ತೆ ಸರಿಸುವುದು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಏನೂ ತಿಳಿಯಲಿಲ್ಲ.

“ಏನೂ ಇಲ್ಲ,” ಎಂದರು ಕೊನೆಗೆ. “ಬೇರೆ ಜ್ವರ.”

“ನಾನೂ ನೋಡ್ಲಾ?”

“ಇಲ್ದಿರೋದನ್ನ ಏನ್ ನೋಡ್ತೀರ ಸಾರ್?” ಎಂದರೂ ಜಾಗ ಬಿಟ್ಟರು.

ನೋಡಿದೆ. ಹೊಳೆಯ ದಡದ ನುಣುಪು ಕಲ್ಲುಗಳಂತೆ ಕಣಗಳು, ಕಣ್ಣು ಹಾಯುವಷ್ಟೂ. ಒಂದರೊಳಗೂ ಉಂಗುರವಿಲ್ಲ. ನನ್ನ ತಂಗಿ ಒಳಗಿನಿಂದ ಹೀಗಿದ್ದಾಳೆ ಎಂದುಕೊಂಡೆ. ಇಷ್ಟು ದಿನ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವನು ಎಂದು ಹೇಳಿಕೊಂಡು ತಿರುಗಿದವನು ನಾನು. ಅವತ್ತು ಕಾಣದೇ ಇದ್ದುದನ್ನು ನೋಡಿ ಕಣ್ಣು ತುಂಬಿ ಬಂದು, ಸೂಕ್ಷ್ಮದರ್ಶಕದ ಗಾಜು ಮಂಜಾಯಿತು. ಆಕೆ ಬಟ್ಟೆಯಿಂದ ಒರೆಸಿದರು.

ಮನೆಯಲ್ಲಿ ತಂಗಿ ಎದ್ದು ಕೂತಿದ್ದಳು. “ನನ್ ರಕ್ತ ನೋಡ್ಬುಟ್ಟಾ? ಹೆಂಗಿತ್ತಣ್ಣ?”

“ಚೆನ್ನಾಗಿತ್ತು ಕಣಮ್ಮಿ. ನಸುಗುಲಾಬಿ ಬಣ್ಣ.”

“ಗುಲಾಬಿನಾ?” ಅವ್ವ ಅಡಿಗೆಮನೆಯಿಂದಲೇ ಕೂಗಿದಳು. “ಕೆಂಪಗಿಲ್ವಾ? ರಕ್ತ ಕಮ್ಮಿ ಆಗದೆ ಅಂತಾಯ್ತು!” ಬಣ್ಣ ಹಾಕಿರುತ್ತಾರೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹೆರಿಗೆಯವರೆಗೂ ತಂಗಿಗೆ ದಿನಾ ನುಗ್ಗೆಸೊಪ್ಪಿನ ಸಾರು ಬಿತ್ತು.

ನಾವು ಅವಳನ್ನು ಯಾವುದರಿಂದ ಕಾಪಾಡಿದೆವು ಎಂದು ಇವತ್ತಿಗೂ ನನಗೆ ಖಚಿತವಿಲ್ಲ. ಪಟ್ಟೆ ಕಾಲಿನ ಆ ಸೊಳ್ಳೆ ಮಲೇರಿಯಾ ಹರಡುವ ಜಾತಿಯಲ್ಲವೆಂದು ಆಮೇಲೆ ಓದಿ ತಿಳಿದೆ. ಮಲೇರಿಯಾದ್ದು ಬೇರೆ, ಅದನ್ನು ತಡೆದದ್ದು ಪರದೆ ಇರಬಹುದು, ಇಲ್ಲವೇ ಆ ವರ್ಷ ಅದು ನಮ್ಮ ಕಡೆ ಬರಲೇ ಇಲ್ಲವೇನೋ. ತಂಗಿಗೆ ಇದನ್ನು ಹೇಳಿದೆ. ಅವಳು, “ಕಚ್ಚದಂಗ್ ಮಾಡ್ದೆಯಲ್ಲ, ಸಾಕು ಬುಡು,” ಎಂದಳು.

ಹೆಣ್ಣು ಕೂಸು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಹುಟ್ಟಿತು. ಮನೆಗೆ ಕರೆತಂದ ಮೇಲೆ ಒಂದು ಬೆಳಿಗ್ಗೆ, ಅವ್ವ ಅದಕ್ಕೆ ಎಣ್ಣೆ ಹಚ್ಚಲೆಂದು ಪರದೆಯಿಂದ ಎತ್ತಿ ಕಾಲ ಮೇಲೆ ಮಲಗಿಸಿಕೊಂಡಿದ್ದಾಗ, ಒಂದು ಸೊಳ್ಳೆ ಎಲ್ಲಿಂದಲೋ ಬಂದು ಕೂಸಿನ ಹಣೆಯ ಮೇಲೆ ಕೂತಿತು. ಮೂವರೂ ಕಂಡೆವು. ನಾನು ಕೈಯೆತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಅಷ್ಟು ಎಳೆಯ ಹಣೆಗೆ ಹೊಡೆಯುವುದು ಹೇಗೆ? ತಂಗಿ ಎರಡು ಬೆರಳು ಚಾಚಿದಳು, ಅವಳಿಗೂ ಆಗಲಿಲ್ಲ. ಸೊಳ್ಳೆಯ ಹೊಟ್ಟೆ ನಮ್ಮ ಕಣ್ಣೆದುರೇ ನಿಧಾನಕ್ಕೆ ಕೆಂಪಾಗುತ್ತಿತ್ತು, ನಮ್ಮ ಮನೆಯ ಹೊಸ ರಕ್ತದಿಂದ.

ಅವ್ವ ಬಗ್ಗಿ ಮೆಲ್ಲಗೆ ಉಫ್ ಎಂದು ಊದಿದಳು. ಸೊಳ್ಳೆ ಭಾರವಾಗಿ ಎದ್ದು, ಕಿಟಕಿಯ ಬೆಳಕಿನ ಕಡೆ ಹೋಯಿತು. ಹಣೆಯ ಮೇಲೆ ಸಾಸಿವೆಯಷ್ಟು ಕೆಂಪು ಉಳಿಯಿತು. ಕೂಸು ಮುಖ ಕಿವುಚಿ, ಇಷ್ಟಗಲ ಬಾಯಿ ತೆರೆದು, ಅಳಲೋ ಬೇಡವೋ ಎಂದು ಯೋಚಿಸುವಂತೆ ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಬೀದಿಗೆ ಕೇಳುವಂತೆ ಕಿರುಚಿತು. ತಂಗಿ ಅದನ್ನು ಎತ್ತಿಕೊಳ್ಳಲಿಲ್ಲ, ಸಮಾಧಾನ ಮಾಡಲೂ ಇಲ್ಲ. ಅದು ಅಳುವುದನ್ನೇ ಕೇಳುತ್ತಾ ನಗುತ್ತಾ ಕೂತಳು. ಅವಳ ಮುಖದಲ್ಲಿ ಅಂಥ ನಗುವನ್ನು ಹರವೆಯ ಆ ಜ್ವರದ ನಂತರ ನಾನು ನೋಡಿದ್ದು ಅದೇ ಮೊದಲು.